ಟ್ರ್ಯಾಪ್ ಶೂಟಿಂಗ್ ಹ್ಯಾಂಡಿಕ್ಯಾಪ್: ಲೆಕ್ಕ ಹಾಕೋದು ಹೇಗೆ, ಹಿಂದಿನ ಗೆರೆಗೆ ಹೋದ್ಮೇಲೆ ಹೊಡಿಯೋದು ಹೇಗೆ

ಟ್ರ್ಯಾಪ್ ಶೂಟಿಂಗ್ ಅಂದ್ರೆ ಮೆಷಿನ್ ಗಾಳಿಗೆ ಎಸೆಯೋ ಬಿಲ್ಲೆಗಳನ್ನ, ಅದೇ ಟಾರ್ಗೆಟ್‌ಗಳನ್ನ, ಶಾಟ್‌ಗನ್ನಲ್ಲಿ ಹೊಡೆದು ಒಡೆಯೋ ಆಟ. 25ಕ್ಕೆ 24 ಒಡೆಯೋರು, 17 ಒಡೆಯೋರು ಇಬ್ರೂ ಒಂದೇ ಮ್ಯಾಚಲ್ಲಿ ನಿಂತ್ರೆ ಗೆಲ್ಲೋದ್ಯಾರು ಅಂತ ಮೊದಲ ಟಾರ್ಗೆಟ್ ಹಾರೋಕ್ ಮುಂಚೇನೇ ಎಲ್ರಿಗೂ ಗೊತ್ತಿರತ್ತೆ. ನಾಲ್ಕು ವಾರ ಹೀಗೇ ನಡೀತು ಅಂದ್ರೆ ಐದನೇ ವಾರ 17ರವ್ರು ಬರಲ್ಲ, ಅದಾದ್ಮೇಲೆ 20ರವ್ರೂ ಬರಲ್ಲ, ಕೊನೆಗೆ ಅದೇ ಮೂರು ಜನ ಅವರವರಲ್ಲೇ ಟ್ರೋಫಿ ಹಂಚ್ಕೊಂಡ್ ಕೂತಿರ್ತಾರೆ. ಇದನ್ನ ತಪ್ಪಿಸೋಕೆ ಹ್ಯಾಂಡಿಕ್ಯಾಪ್ ಬೇಕು, ಅಂದ್ರೆ ಚೆನ್ನಾಗಿ ಹೊಡಿಯೋರಿಗೆ ಕಷ್ಟ ಜಾಸ್ತಿ ಮಾಡಿಯೋ ಕಲೀತಿರೋರಿಗೆ ರಿಯಾಯಿತಿ ಕೊಟ್ಟೋ ಎಲ್ರನ್ನೂ ಸಮಕ್ಕೆ ತರೋ ಪದ್ಧತಿ. ಆದ್ರೆ ಎಷ್ಟೋ ಕಡೆ ಇದನ್ನ ಯಾರೋ ಒಬ್ರು ಬಾಯಿಗೆ ಬಂದಂಗೆ "ನೀನು ಎರಡು ಗಜ ಹಿಂದೆ ಹೋಗು, ನಿನಗೆ ಮೂರು ಟಾರ್ಗೆಟ್ ಫ್ರೀ" ಅಂತ ಹೇಳಿ ನಡೆಸ್ತಾರೆ, ಅಲ್ಲಿಂದ ಜಗಳ ಶುರು.

ಈ ಲೇಖನ ಎರಡು ಥರದವ್ರಿಗೆ. ಕ್ಲಬ್ಬಲ್ಲಿ ಮ್ಯಾಚ್ ನಡೆಸ್ತಾ ಯಾವ ಪದ್ಧತಿ ಇಡೋದು ಅಂತ ತಲೆ ಕೆಡಿಸ್ಕೊಂಡಿರೋರಿಗೆ, ಮತ್ತೆ ಚೆನ್ನಾಗಿ ಹೊಡೆದಿದ್ದಕ್ಕೆ ಹಿಂದಿನ ಗೆರೆಗೆ ತಳ್ಳಿಸ್ಕೊಂಡು ಈಗ ಸ್ಕೋರ್ ಬಿದ್ದೋಗಿ ಬೇಜಾರಲ್ಲಿರೋರಿಗೆ. ಒಲಿಂಪಿಕ್ ಟ್ರ್ಯಾಪ್ ಹೊಡಿಯೋರಿಗೆ ಇದು ನೇರವಾಗಿ ಬರಲ್ಲ, ಅಲ್ಲಿ ಎಲ್ರೂ 15 ಮೀಟರ್ ಗೆರೆಯಲ್ಲೇ ನಿಂತು 24 ಗ್ರಾಂ ಕಾರ್ಟ್ರಿಡ್ಜ್‌ನಲ್ಲೇ ಹೊಡೀಬೇಕು, ಯಾರಿಗೂ ರಿಯಾಯಿತಿ ಇಲ್ಲ.

ಮೊದ್ಲು ಮೈದಾನ

ಅಮೆರಿಕನ್ ಟ್ರ್ಯಾಪ್‌ನಲ್ಲಿ ಮುಂದೆ ಒಂದು ಟ್ರ್ಯಾಪ್ ಹೌಸ್, ಅದರೊಳಗೆ ಒಂದೇ ಮೆಷಿನ್, ಹಿಂದೆ ಬೀಸಣಿಗೆ ಥರ ಹರಡಿರೋ ಐದು ಪೋಸ್ಟ್. 16 ಗಜದ ಗೆರೆಯಲ್ಲಿ ಪೋಸ್ಟ್‌ಗಳ ನಡುವೆ 3 ಗಜ ಅಂತರ. ಒಂದು ಸ್ಕ್ವಾಡ್‌ಗೆ ಐದು ಜನ, ಒಬ್ಬೊಬ್ರು ಪ್ರತಿ ಪೋಸ್ಟಲ್ಲಿ ಐದೈದು ಹೊಡೆದು ಒಂದು ರೌಂಡ್ 25. 16 ಗಜ ಅಂದ್ರೆ 14.6 ಮೀಟರ್, ಎಲ್ರೂ ಸಿಂಗಲ್ಸ್ (ಒಂದ್ಸಲಕ್ಕೆ ಒಂದೇ ಟಾರ್ಗೆಟ್, ಹ್ಯಾಂಡಿಕ್ಯಾಪ್ ಇಲ್ಲದ್ದು) ಹೊಡಿಯೋದು ಅಲ್ಲಿಂದಾನೇ. ಅದೇ ಐದು ಪೋಸ್ಟ್‌ಗಳಿಂದ ಹಿಂದಕ್ಕೆ ದಾರಿ ಎಳೆದು ಒಂದೊಂದು ಗಜಕ್ಕೂ ಗುರುತು ಹಾಕಿರ್ತಾರೆ, 27 ಗಜದವರೆಗೂ, ಅಂದ್ರೆ 24.7 ಮೀಟರ್. ಅದೇ ಕೊನೆ, ಅದಕ್ಕಿಂತ ಹಿಂದಕ್ಕೆ ಯಾರನ್ನೂ ಕಳ್ಸಲ್ಲ. ಚೆನ್ನಾಗಿ ಹೊಡಿಯೋರು ಹಿಂದೆ, ಕಲೀತಿರೋರು ಮುಂದೆ, ಟಾರ್ಗೆಟ್ ಮಾತ್ರ ಎಲ್ರಿಗೂ ಒಂದೇ.

ಇದು ಹಳೇ ಪದ್ಧತಿ. 1900ರಲ್ಲಿ ನ್ಯೂಯಾರ್ಕಿನ ಇಂಟರ್‌ಸ್ಟೇಟ್ ಪಾರ್ಕಲ್ಲಿ ಕ್ಲೇ ಟಾರ್ಗೆಟ್‌ಗೆ ಅಂತ ಮೊದಲ ಗ್ರ್ಯಾಂಡ್ ಅಮೆರಿಕನ್ ಹ್ಯಾಂಡಿಕ್ಯಾಪ್ ನಡೆದಾಗ ಗೆದ್ದಿದ್ದು ರೋಲಾ ಹೈಕ್ಸ್, 22 ಗಜದಿಂದ 100ಕ್ಕೆ 91. ಆ ಕಾಲದ ಗನ್ನು, ಆ ಕಾಲದ ಮದ್ದು ನೆನೆಸ್ಕೊಂಡ್ರೆ 91 ಸಣ್ಣ ಮಾತಲ್ಲ. ಆಮೇಲೆ ಆ ಪಂದ್ಯ 1924ರಿಂದ ಓಹಾಯೋದ ವಂಡೇಲಿಯಾದಲ್ಲಿ ನೆಲೆ ಕಂಡು, 2006ರಿಂದ ಇಲಿನಾಯ್‌ನ ಸ್ಪಾರ್ಟಾಗೆ ಹೋಯ್ತು. ಇವತ್ತಿಗೂ ಅಲ್ಲಿ ಎಲ್ರೂ ಕಣ್ಣಿಟ್ಟಿರೋ ಟ್ರೋಫಿ ಹ್ಯಾಂಡಿಕ್ಯಾಪ್‌ದೇ, ಸಿಂಗಲ್ಸ್‌ದಲ್ಲ.

ಹೆಜ್ಜೆ 1: ಆ್ಯವರೇಜ್ ಬರೆದಿಡೋದು ಶುರು ಮಾಡಿ

ಪದ್ಧತಿ ಯಾವುದೇ ಇರ್ಲಿ, ಕೆಳಗೆ ಇರೋದು ಆ್ಯವರೇಜೇ. ಅದು ಸರಿ ಇಲ್ಲಾಂದ್ರೆ ಮೇಲಿನ ಗಣಿತ ಎಷ್ಟು ಚೆಂದ ಇದ್ರೂ ದಂಡ. ಒಬ್ಬೊಬ್ರ ಹೆಸರಿಗೆ ಒಂದು ಶೀಟ್ ಇಡಿ, ಅದರಲ್ಲಿ ತಾರೀಖು, ಎಷ್ಟು ಗಜ, ಎಷ್ಟು ಟಾರ್ಗೆಟ್, ಎಷ್ಟು ಒಡೆದ್ರು, ಇಷ್ಟೇ ಸಾಕು. 16 ಗಜದ ಸ್ಕೋರೂ ಹ್ಯಾಂಡಿಕ್ಯಾಪ್ ಸ್ಕೋರೂ ಬೇರೆ ಬೇರೆ ಕಾಲಮ್ಮಲ್ಲಿ ಇರ್ಬೇಕು, ಎರಡನ್ನೂ ಕೂಡಿಸಿ ಒಂದು ಆ್ಯವರೇಜ್ ತೆಗೆದ್ರೆ ಅದು ಯಾವುದಕ್ಕೂ ಉಪಯೋಗಕ್ಕೆ ಬರಲ್ಲ.

ಎಷ್ಟು ಟಾರ್ಗೆಟ್ ಲೆಕ್ಕ ತಗೋಬೇಕು? ಒಂದು ರೌಂಡ್ 25 ನೋಡಿ ಯಾರ ಮೇಲೂ ತೀರ್ಮಾನ ಮಾಡ್ಬೇಡಿ. ಆ್ಯವರೇಜ್ 18 ಇರೋರ ಒಂದು ರೌಂಡ್ ಸುಮ್ನೆ ಅದೃಷ್ಟದ ಮೇಲೇನೇ 16ಕ್ಕೂ ಇಳಿಯತ್ತೆ 20ಕ್ಕೂ ಏರತ್ತೆ, ಅವರು ಏನೂ ಬೇರೆ ಮಾಡಿರಲ್ಲ. ನನ್ನ ಕೇಳಿದ್ರೆ ಕೊನೇ 200 ಟಾರ್ಗೆಟ್ ಹಿಡಿದು ಹೊಸದು ಸೇರಿದ ಹಾಗೆ ಹಳೇದನ್ನ ಬಿಡ್ತಾ ಹೋಗೋದು ಒಳ್ಳೇದು, ಅದಕ್ಕಿಂತ ಕಡಿಮೆ ಆದ್ರೆ ಕುಣಿಯತ್ತೆ, ಜಾಸ್ತಿ ಆದ್ರೆ ಆರು ತಿಂಗಳ ಹಿಂದೆ ಹೇಗೆ ಹೊಡೀತಿದ್ರು ಅನ್ನೋದನ್ನೇ ಹೇಳ್ತಾ ಕೂತಿರತ್ತೆ.

ಇನ್ನೊಂದು, ಗಾಳಿ. ಎದುರುಗಾಳಿ ಬಂದ ದಿನ ಟಾರ್ಗೆಟ್ ಮೇಲಕ್ಕೆ ಎದ್ದು ಕುಣಿಯತ್ತೆ, ಹಿಂದಿನಿಂದ ಬೀಸಿದ್ರೆ ಬೇಗ ಕೆಳಗೆ ಒತ್ತತ್ತೆ, ಅವತ್ತು ಎಲ್ರ ಸ್ಕೋರೂ ಬೀಳತ್ತೆ. ಅವತ್ತಿನ ಸ್ಕೋರ್ ನೋಡಿ ಒಬ್ರನ್ನ ಮುಂದಕ್ಕೆ ತಂದ್ರೆ ಮುಂದಿನ ವಾರ ಗಾಳಿ ನಿಂತಾಗ ಅವರೇ ಬಾಚ್ಕೊಂಡ್ ಹೋಗ್ತಾರೆ. ಹಾಗಾಗಿ ಒಬ್ರ ಸ್ಕೋರನ್ನ ಅವತ್ತು ಹೊಡೆದ ಎಲ್ರ ಆ್ಯವರೇಜ್ ಜೊತೆ ಇಟ್ಟು ನೋಡಿ. ಎಲ್ರೂ ಎರಡೆರಡು ಇಳಿದಿದ್ರೆ ಅವರೂ ಎರಡು ಇಳಿದಿದ್ದು ಏನೂ ದೊಡ್ಡ ವಿಷಯ ಅಲ್ಲ.

ಹೆಜ್ಜೆ 2: ಯಾವ ದಾರಿ ಅಂತ ಆರಿಸ್ಕೊಳ್ಳಿ

ಚಾಲ್ತಿಯಲ್ಲಿರೋದು ನಾಲ್ಕು. ಗಜದ ಲೆಕ್ಕ, ಅಂದ್ರೆ ದೂರ ಬದಲಿಸೋದು. ಟಾರ್ಗೆಟ್ ಸೇರಿಸೋದು, ಅಂದ್ರೆ ಸ್ಕೋರ್‌ಗೆ ಫ್ರೀ ಕೊಡೋದು. ಕ್ಲಾಸ್ ಮಾಡೋದು, ಅಂದ್ರೆ ಸಮ ಸಮ ಇರೋರನ್ನ ಒಟ್ಟಿಗೆ ಹಾಕೋದು. ಮತ್ತೆ ಲೂಯಿಸ್ ಕ್ಲಾಸ್, ಅದನ್ನ ಮ್ಯಾಚ್ ಮುಗಿದ ಮೇಲೆ ಮಾಡ್ತಾರೆ.

ಇವುಗಳಲ್ಲಿ ಗಜದ ಲೆಕ್ಕ ಒಂದೇ ಶೂಟಿಂಗನ್ನೇ ಬದಲಿಸೋದು, ಉಳಿದ ಮೂರೂ ಬದಲಿಸೋದು ಬರೀ ಸ್ಕೋರ್ ಶೀಟನ್ನ. ನನ್ನ ಮಟ್ಟಿಗೆ ಇದೇ ದೊಡ್ಡ ವ್ಯತ್ಯಾಸ. ದೂರ ಹೋದವರು ಒಡೆದ್ರೆ ಅದು ನಿಜವಾಗ್ಲೂ ಕಷ್ಟದ ಟಾರ್ಗೆಟ್, ಮುಂದೆ ನಿಂತವರು ಒಡೆದಿದ್ದೂ ಅವರೇ ಒಡೆದಿದ್ದು, ಯಾರೂ ಯಾರಿಗೂ ಏನೂ ದಾನ ಕೊಟ್ಟಂಗಿಲ್ಲ. ಹಿಂದೆ 27 ಗಜದವರೆಗೂ ಜಾಗ ಇದ್ದು, ಜನ ವಾರವಾರ ಬರೋರಾದ್ರೆ ಕಣ್ಮುಚ್ಚಿ ಗಜದ ಲೆಕ್ಕ ಇಡಿ. ಜಾಗ ಇಲ್ಲ, 16 ಗಜದ ಹಿಂದೆ ಗೋಡೆ ಅಂದ್ರೆ ಟಾರ್ಗೆಟ್ ಸೇರಿಸೋದು. ಯಾರ್ಯಾರೋ ಬರೋ ಒಂದು ದಿನದ ಮ್ಯಾಚು, ಯಾರ ಆ್ಯವರೇಜೂ ಗೊತ್ತಿಲ್ಲ ಅಂದ್ರೆ ಲೂಯಿಸ್.

ಹೆಜ್ಜೆ 3: ಗಜದ ಲೆಕ್ಕ ಇಡೋದು ಹೇಗೆ

ಅಮೆರಿಕದ ಅಮೆಚೂರ್ ಟ್ರ್ಯಾಪ್‌ಶೂಟಿಂಗ್ ಅಸೋಸಿಯೇಷನ್, ಅದೇ ಎಟಿಎ, ಇದನ್ನ ಎಲ್ಲರಿಗಿಂತ ದೊಡ್ಡ ಮಟ್ಟದಲ್ಲಿ ನಡೆಸತ್ತೆ, ಹಾಗಾಗಿ ಅವರದನ್ನ ನೋಡಿ ಕಲಿಯೋದೇ ಸುಲಭ. ಅವರಲ್ಲಿ ಹೊಸಬರು ಮುಂದಿನ ಗಜದಿಂದ ಶುರು ಮಾಡಿ, ಹ್ಯಾಂಡಿಕ್ಯಾಪ್ ಮ್ಯಾಚಲ್ಲಿ ಗೆದ್ದಾಗ ಅಥವಾ ದೊಡ್ಡ ಸ್ಕೋರ್ ಬಂದಾಗ ಹಿಂದಕ್ಕೆ ಹೋಗ್ತಾರೆ. ಗೆದ್ದಾಗ ಎಷ್ಟು ಹೋಗ್ಬೇಕು ಅನ್ನೋದು ಅವತ್ತು ಎಷ್ಟು ಜನ ಹೊಡೆದ್ರು ಅನ್ನೋದರ ಮೇಲೆ ನಿಂತಿದೆ, ಹತ್ತು ಜನರಲ್ಲಿ ಗೆದ್ದಿದ್ದೂ ಇನ್ನೂರು ಜನರಲ್ಲಿ ಗೆದ್ದಿದ್ದೂ ಒಂದೇ ಅಲ್ವಲ್ಲ. ಇದಲ್ಲದೆ 100ಕ್ಕೆ 96 ಅಥವಾ ಮೇಲೆ ಹೊಡೆದ್ರೆ ಗೆದ್ರೂ ಸೋತ್ರೂ ತಾನಾಗೇ ಹಿಂದಕ್ಕೆ. ಅಳತೆ ಅರ್ಧ ಗಜದ ಲೆಕ್ಕದಲ್ಲೂ ನಡೆಯತ್ತೆ, ಕಾರ್ಡಲ್ಲಿ 22.5 ಅಂತ ಬರೆದಿದ್ರೆ ಆಶ್ಚರ್ಯ ಬೇಡ.

ವಾಪಸ್ ಮುಂದಕ್ಕೆ ಬರೋದು ನಿಧಾನ. ಒಂದೆರಡು ಕೆಟ್ಟ ದಿನ ಆಯ್ತು ಅಂತ ಯಾರೂ ಕರೆದು ಮುಂದೆ ನಿಲ್ಸಲ್ಲ, 1000 ಟಾರ್ಗೆಟ್ ಹೊಡೆದ ಮೇಲೆ ರೆಕಾರ್ಡ್ ತೆಗೆದು ನೋಡ್ತಾರೆ, ಆಗ ಆ್ಯವರೇಜ್ ಕಡಿಮೆ ಇದ್ರೆ ಒಂದು ಗಜ ಮುಂದಕ್ಕೆ. ಹಿಂದೆ ಹೋಗೋದು ಬೇಗ, ಮುಂದೆ ಬರೋದು ನಿಧಾನ, ಇದು ಬೇಕಂತಾನೇ ಹಾಗೆ ಇಟ್ಟಿರೋದು. ಉಲ್ಟಾ ಇಟ್ರೆ ಜನ ಎರಡು ಮ್ಯಾಚ್ ಸುಮ್ನೆ ಬಿಟ್ಟು ಮೂರನೇದನ್ನ ಎತ್ಕೊಂಡ್ ಹೋಗ್ತಾರೆ.

ನಿಮ್ಮದು ಯಾವ ಸಂಸ್ಥೆಗೂ ಸೇರದ ಸಣ್ಣ ಗುಂಪಾದ್ರೆ ಎಟಿಎ ಟೇಬಲ್ ಪೂರ್ತಿ ಬೇಡ, ಹೀಗೆ ಶುರು ಮಾಡಿ ನೋಡಿ. 16 ಗಜದ ಆ್ಯವರೇಜ್ 25ಕ್ಕೆ 17ಕ್ಕಿಂತ ಕಡಿಮೆ ಇರೋರು 17 ಗಜದಲ್ಲಿ ನಿಲ್ಲಲಿ. 17ರಿಂದ 19 ಇರೋರು 19 ಗಜ. 20, 21 ಹೊಡಿಯೋರು 21 ಗಜ. 22 ಹೊಡಿಯೋರು 22 ಗಜ, 23 ಆದ್ರೆ 24 ಗಜ, 24ರ ಮೇಲೆ ಇದ್ರೆ 25 ಗಜ. ಶುರುವಲ್ಲೇ ಯಾರನ್ನೂ 27ಕ್ಕೆ ಕಳಿಸ್ಬೇಡಿ, ಅದನ್ನ ಅವರೇ ಹೊಡೆದು ಸಂಪಾದಿಸ್ಲಿ. ಆಮೇಲೆ ಗೆದ್ದವರು ಒಂದು ಗಜ ಹಿಂದೆ, ಎರಡನೇ ಸ್ಥಾನ ಅರ್ಧ ಗಜ ಹಿಂದೆ, ಎಂಟು ಜನಕ್ಕಿಂತ ಕಡಿಮೆ ಬಂದ ದಿನ ಯಾರೂ ಎಲ್ಲೂ ಅಲ್ಲಾಡಲ್ಲ. ಮುಂದಕ್ಕೆ ಬರ್ಬೇಕಾದ್ರೆ ಆ ಗಜದಲ್ಲಿ ಕನಿಷ್ಠ 200 ಟಾರ್ಗೆಟ್ ಹೊಡೆದಿರ್ಬೇಕು, ಆ್ಯವರೇಜ್ ಉಳಿದವರ ಹ್ಯಾಂಡಿಕ್ಯಾಪ್ ಆ್ಯವರೇಜ್‌ಗಿಂತ ಚೆನ್ನಾಗೇ ಕೆಳಗಿರ್ಬೇಕು, ಆಗ ಅರ್ಧ ಗಜ. ಈ ನಂಬರ್‌ಗಳು ಕಲ್ಲಲ್ಲಿ ಕೆತ್ತಿದ್ದಲ್ಲ. ಮೂರು ತಿಂಗಳು ಬಿಟ್ಟು ನೋಡಿ, ಹಿಂದಿನವರೂ ಮುಂದಿನವರೂ ಹೆಚ್ಚುಕಡಿಮೆ ಒಂದೇ ಸ್ಕೋರ್ ತರ್ತಿದ್ರೆ ಟೇಬಲ್ ಸರಿ ಇದೆ, ಹಿಂದಿನವರೇ ಗೆಲ್ತಿದ್ರೆ ಇನ್ನೂ ಹಿಂದಕ್ಕೆ ತಳ್ಳಿ.

ಆಸ್ಟ್ರೇಲಿಯಾದಲ್ಲಿ, ಬ್ರಿಟನ್‌ನಲ್ಲಿ ಡೌನ್ ದಿ ಲೈನ್ (ಡಿಟಿಎಲ್) ಅನ್ನೋ ಥರದ ಟ್ರ್ಯಾಪ್ ಆಡೋರಲ್ಲೂ ದೂರದ ಹ್ಯಾಂಡಿಕ್ಯಾಪ್ ಇದೆ. ಡಿಟಿಎಲ್ ಸ್ಕೋರಿಂಗ್‌ನಲ್ಲಿ ಮೊದಲ ಗುಂಡಿಗೆ ಒಡೆದ್ರೆ 3 ಪಾಯಿಂಟ್, ಎರಡನೇದಕ್ಕೆ 2, ಹಾಗಾಗಿ ಅಲ್ಲಿ ಆ್ಯವರೇಜ್ ಅಂದಾಗ ಟಾರ್ಗೆಟ್ಟೋ ಪಾಯಿಂಟೋ ಅಂತ ಮೊದ್ಲು ಕೇಳ್ಕೊಳ್ಳಿ.

ಹೆಜ್ಜೆ 4: ಟಾರ್ಗೆಟ್ ಸೇರಿಸೋ ಲೆಕ್ಕ, ಮತ್ತೆ ಅದರಲ್ಲಿರೋ ಕಿತಾಪತಿ

ಇದು ನೋಡೋಕೆ ತುಂಬಾ ಸುಲಭ. 24ನ್ನ ಮಟ್ಟ ಅಂತ ಇಟ್ಕೊಂಡು ಒಬ್ಬೊಬ್ರ ಆ್ಯವರೇಜ್ ಅದರಿಂದ ಕಳೆದು, ಉಳಿದಷ್ಟನ್ನ ಅವರ ಸ್ಕೋರಿಗೆ ಸೇರಿಸೋದು. ಆ್ಯವರೇಜ್ 18 ಅಂದ್ರೆ 6 ಫ್ರೀ. ನ್ಯಾಯ ಅನ್ಸತ್ತೆ ಅಲ್ವಾ? ಆದ್ರೆ ಹೀಗೆ ಪೂರ್ತಿ ಕೊಟ್ರೆ ಪ್ರತಿ ವಾರ ಗೆಲ್ಲೋದು ಕಡಿಮೆ ಹೊಡಿಯೋರೇ, 24ರವ್ರು ಕೈ ತೊಳ್ಕೊಂಡ್ ಮನೆಗೆ.

ಯಾಕೆ ಅಂದ್ರೆ, 24ರವ್ರು ಬದುಕಿನ ಅತ್ಯುತ್ತಮ ದಿನ ಹೊಡೆದ್ರೂ 25, ಅವರ ಆ್ಯವರೇಜ್‌ಗಿಂತ ಬರೀ ಒಂದು ಜಾಸ್ತಿ, ಮೇಲೆ ಜಾಗಾನೇ ಇಲ್ಲ. 18ರವ್ರಿಗೆ ಹಾಗಲ್ಲ. ಅವರ ಸ್ಕೋರ್ ಒಂದು ರೌಂಡಿಂದ ಇನ್ನೊಂದು ರೌಂಡಿಗೆ ಸುಮ್ನೆ ಎರಡೆರಡು ಅತ್ತ ಇತ್ತ ಆಡತ್ತೆ, ಒಳ್ಳೆ ದಿನ 22 ಹೊಡೆದುಬಿಟ್ರೆ 6 ಸೇರಿ 28. ಹತ್ತು ಜನ 18ರವ್ರು ಇದ್ರೆ ಅವರಲ್ಲಿ ಯಾರೋ ಒಬ್ರಿಗೆ ಅವತ್ತು ಒಳ್ಳೆ ದಿನ ಆಗಿರತ್ತೆ, ಒಬ್ರಿಗಲ್ಲ ಅಂದ್ರೆ ಇನ್ನೊಬ್ರಿಗೆ. 24ರವ್ರು ಅವರೆಲ್ಲರ ಒಳ್ಳೆ ದಿನದ ಜೊತೆ ಗುದ್ದಾಡ್ಬೇಕು.

ಇದಕ್ಕೆ ಮದ್ದು ಎರಡು. ಒಂದು, ವ್ಯತ್ಯಾಸದ ಪೂರ್ತಿ ಕೊಡದೆ 80 ಪರ್ಸೆಂಟ್ ಕೊಡೋದು. 24, 21, 17 ಆ್ಯವರೇಜಿನ ಮೂವರು ಅಂದ್ಕೊಳ್ಳಿ. ವ್ಯತ್ಯಾಸ 0, 3, 7. 80 ಪರ್ಸೆಂಟ್ ಅಂದ್ರೆ 0, 2.4, 5.6, ಹತ್ತಿರದ ಪೂರ್ಣ ಸಂಖ್ಯೆಗೆ ತಂದ್ರೆ 0, 2, 6. ಅವತ್ತು ಅವರು 24, 22, 17 ಹೊಡೆದ್ರೆ ಕೊನೆಗೆ 24, 24, 23, ಮೊದಲಿಬ್ರಿಗೆ ಶೂಟ್ ಆಫ್, ಅಂದ್ರೆ ಟೈ ಬಿಡಿಸೋ ಹೆಚ್ಚುವರಿ ಸುತ್ತು. ಇನ್ನೊಂದು ಮದ್ದು ನನಗೆ ಜಾಸ್ತಿ ಇಷ್ಟ: ಟಾರ್ಗೆಟ್ಟನ್ನ ಫ್ರೀ ಕೊಡ್ಬೇಡಿ, ಹೊಡಿಯೋಕೆ ಕೊಡಿ. ಅಂದ್ರೆ 6 ಹ್ಯಾಂಡಿಕ್ಯಾಪ್ ಇರೋರು 31 ಟಾರ್ಗೆಟ್ ಹೊಡೀತಾರೆ, ಒಡೆದಿದ್ದೆಲ್ಲ ಲೆಕ್ಕ, ಆದ್ರೆ 25ಕ್ಕೆ ನಿಲ್ತು. ಹೀಗಾದ್ರೆ ಹ್ಯಾಂಡಿಕ್ಯಾಪ್‌ನೂ ಹೊಡೆದೇ ಗಳಿಸ್ಬೇಕು, 28 ಅನ್ನೋ ವಿಚಿತ್ರ ಸ್ಕೋರೂ ಬರಲ್ಲ. ಸಮಯ, ಕಾರ್ಟ್ರಿಡ್ಜ್ ಸ್ವಲ್ಪ ಜಾಸ್ತಿ ಹೋಗತ್ತೆ ಅಷ್ಟೇ.

ಗಜದ ಲೆಕ್ಕದಲ್ಲಿ ಈ ತಲೆನೋವು ತಾನಾಗೇ ಕಮ್ಮಿ ಅನ್ನೋದನ್ನ ಇಲ್ಲೇ ಹೇಳ್ಬಿಡ್ತೀನಿ. 16 ಗಜದಲ್ಲಿ 100ಕ್ಕೆ 96 ಹೊಡಿಯೋರನ್ನ ಹಿಂದೆ ಕಳಿಸಿದಾಗ ಅವರ ಆ್ಯವರೇಜ್ 88ಕ್ಕೆ ಇಳೀತು ಅಂದ್ರೆ ಅವರಿಗೂ ಈಗ ಮೇಲಕ್ಕೆ ಹೋಗೋಕೆ ಜಾಗ ಇದೆ, ಅವರ ಒಳ್ಳೆ ದಿನಕ್ಕೂ ಬೆಲೆ ಬಂತು.

ಹೆಜ್ಜೆ 5: ಕ್ಲಾಸ್, ಲೂಯಿಸ್ ಕ್ಲಾಸ್

ಕ್ಲಾಸ್ ಮಾಡೋದು ಸಿಂಗಲ್ಸ್‌ಗೆ ಚೆನ್ನಾಗಿ ಒಗ್ಗತ್ತೆ. ಎಟಿಎ ಲೆಕ್ಕದಲ್ಲಿ ಐದು ಕ್ಲಾಸ್ ಇಟ್ರೆ ಆ್ಯವರೇಜ್ 97 ಪರ್ಸೆಂಟ್ ಮೇಲಿರೋರು ಎಎ, 94ರಿಂದ 97ರೊಳಗೆ ಎ, 91ರಿಂದ 94 ಬಿ, 88ರಿಂದ 91 ಸಿ, ಅದಕ್ಕಿಂತ ಕೆಳಗೆ ಡಿ. ಡಿ ಅಂತ ಬೇಜಾರು ಮಾಡ್ಕೋಬೇಡಿ, 25ಕ್ಕೆ 21 ಹೊಡಿಯೋರೂ ಡಿನೇ, ಅಷ್ಟು ಬಿಗಿ ಆ ಆಟ. ನಿಮ್ಮ ಗುಂಪಿಗೆ ಈ ಗೆರೆಗಳು ತೀರಾ ಮೇಲಾದ್ರೆ ನಿಮ್ಮದೇ ಗೆರೆ ಎಳ್ಕೊಳ್ಳಿ.

ಲೂಯಿಸ್ ಇನ್ನೂ ಮಜಾ. ಮ್ಯಾಚ್ ಮುಗಿದ ಮೇಲೆ ಎಲ್ರ ಸ್ಕೋರನ್ನ ಮೇಲಿಂದ ಕೆಳಗೆ ಸಾಲಾಗಿ ಬರೆದು, ಆ ಸಾಲನ್ನ ತುಂಡು ಮಾಡಿ, ಪ್ರತಿ ತುಂಡಿನ ಮೇಲಿರೋರಿಗೆ ಬಹುಮಾನ. ಸಮ ಭಾಗ ಆಗದಿದ್ರೆ ಸಣ್ಣ ತುಂಡು ಮೇಲೆ. ಉದಾಹರಣೆಗೆ 14 ಜನ, ಮೂರು ಕ್ಲಾಸ್, 50 ಟಾರ್ಗೆಟ್. ಆಗ 4, 5, 5.

ಸ್ಕೋರ್‌ಗಳು ಹೀಗಿವೆ ಅಂದ್ಕೊಳ್ಳಿ: 49, 48, 48, 47 ಒಂದನೇ ಕ್ಲಾಸ್. 46, 45, 44, 43, 43 ಎರಡನೇದು. 43, 41, 39, 36, 30 ಮೂರನೇದು.

ಇಲ್ಲಿ ನೋಡಿ, 43 ಹೊಡೆದವರು ಮೂರು ಜನ, ಗೆರೆ ಅವರ ಮಧ್ಯಾನೇ ಹಾದುಹೋಗಿದೆ. ಒಂದೇ ಸ್ಕೋರಿನವರನ್ನ ಎರಡು ಕ್ಲಾಸಿಗೆ ಹಾಕೋ ಹಾಗಿಲ್ಲ. ಗೆರೆಯ ಯಾವ ಕಡೆ ಜಾಸ್ತಿ ಜನ ಇದಾರೋ ಎಲ್ರೂ ಆ ಕಡೆಗೆ. ಮೇಲೆ ಇಬ್ರು, ಕೆಳಗೆ ಒಬ್ರು, ಹಾಗಾಗಿ ಮೂವರೂ ಎರಡನೇ ಕ್ಲಾಸಿಗೆ ಹೋದ್ರು, ಮೂರನೇ ಕ್ಲಾಸ್ ಗೆದ್ದಿದ್ದು 41. ಎರಡೂ ಕಡೆ ಸಮ ಇದ್ರೆ? ಆಗ ಎಲ್ರೂ ಕೆಳಗಿನ ಕ್ಲಾಸಿನ ತಲೆಗೆ. ಈ ಎರಡು ನಿಯಮ ಮೊದ್ಲೇ ಹೇಳಿರದಿದ್ರೆ 43ರವ್ರಲ್ಲಿ ಒಬ್ರು ಬಂದು ಮೇಜು ಗುದ್ದೋದು ಗ್ಯಾರಂಟಿ.

ಲೂಯಿಸ್‌ನಲ್ಲಿ ಅದೃಷ್ಟದ ಪಾಲು ಜಾಸ್ತಿ, 41 ಹೊಡೆದು ಗೆದ್ದವರ ಪಕ್ಕ 43 ಹೊಡೆದು ಬರೀ ಕೈಲಿ ಹೋಗೋರು ಇರ್ತಾರೆ. ಆದ್ರೆ ಗೆರೆ ಎಲ್ಲಿ ಬೀಳತ್ತೆ ಅಂತ ಮೊದ್ಲೇ ಯಾರಿಗೂ ಗೊತ್ತಾಗಲ್ಲ, ಹಾಗಾಗಿ ಮೋಸ ಮಾಡೋಕೂ ಆಗಲ್ಲ, ಅದೇ ಅದರ ಒಳ್ಳೇತನ.

ಬೇಕಂತ ಬಿಡೋರ ವಿಷಯ

ಹ್ಯಾಂಡಿಕ್ಯಾಪ್ ಇರೋ ಕಡೆಯೆಲ್ಲ ಈ ರೋಗ ಇದ್ದೇ ಇರತ್ತೆ, ಸಣ್ಣ ಮ್ಯಾಚಲ್ಲಿ ಬೇಕಂತ ಬಿಟ್ಟು ಆ್ಯವರೇಜ್ ಇಳಿಸ್ಕೊಂಡು ದೊಡ್ಡ ಮ್ಯಾಚಲ್ಲಿ ಮುಂದಿನ ಗಜದಿಂದ ಹೊಡಿಯೋರು. ಅವರನ್ನ ಹಿಡಿಯೋಕೆ ಸುಲಭದ ಗುರುತು, 22, 23ಕ್ಕೆ ಮುಗಿಯೋ ರೌಂಡಲ್ಲಿ ಕೊನೇ ಪೋಸ್ಟಲ್ಲಿ ಮಾತ್ರ ಎರಡು ಮೂರು ತಪ್ಪತ್ತೆ, ಅದೂ ಪ್ರತೀ ಸಲ. ಪೋಸ್ಟ್ ಪ್ರಕಾರ ಸ್ಕೋರ್ ಬರೆದಿಟ್ರೆ ಇದು ಕಣ್ಣಿಗೆ ರಾಚತ್ತೆ. ಎಟಿಎನಲ್ಲಿ ಇದಕ್ಕೆ ಅಂತಾನೇ, ಕಾರ್ಡಲ್ಲಿ ಏನೇ ಇರ್ಲಿ ಈ ಶೂಟರ್‌ಗೆ ಇಷ್ಟು ಸಾಮರ್ಥ್ಯ ಇದೆ ಅಂತ ಗೊತ್ತಿದ್ರೆ ಮೇಲಿನ ಕ್ಲಾಸಿಗೆ ಅಥವಾ ಹಿಂದಿನ ಗಜಕ್ಕೆ ಹಾಕೋ ಅಧಿಕಾರ ಕಮಿಟಿಗೆ ಇದೆ. ನೀವೂ ಆ ಒಂದು ಸಾಲು ನಿಯಮದಲ್ಲಿ ಬರೆದಿಡಿ. ಮುಖಾಮುಖಿ ಆರೋಪ ಹೊರಿಸೋಕಿಂತ ಸುಮ್ನೆ ಎರಡು ಗಜ ಹಿಂದೆ ಹಾಕೋದು ಎಷ್ಟೋ ಮೇಲು.

ಹೆಜ್ಜೆ 6: ಹಿಂದಕ್ಕೆ ಹೋದ ಮೇಲೆ ಹೊಡಿಯೋದು

ಈಗ ಶೂಟರ್ ಕಡೆಗೆ. 16ರಿಂದ 22ಕ್ಕೋ 24ಕ್ಕೋ ಹೋದವರು ಮೊದ್ಲು ಮಾಡೋ ಕೆಲಸ ಅವಸರ. ಟಾರ್ಗೆಟ್ ದೂರ ಓಡೋಗತ್ತೆ ಅಂತ ಭಯ, ಗನ್ ಎಳೆದು ಬಾಚಿ ಹೊಡೀತಾರೆ, ಕೆನ್ನೆ ಒತ್ತಿ ಹಿಡಿಯೋ ಗನ್ನಿನ ಹಿಂಭಾಗ, ಅದೇ ಸ್ಟಾಕಿಂದ ಮುಖ ಮೇಲೇಳತ್ತೆ, ಪೆಲೆಟ್ (ಕಾರ್ಟ್ರಿಡ್ಜ್‌ನೊಳಗಿನ ಸಣ್ಣ ಗುಂಡುಗಳು) ಎಲ್ಲ ಟಾರ್ಗೆಟ್ ತಲೆ ಮೇಲಿಂದ ಹಾರೋಗತ್ತೆ.

ನಿಜವಾದ ಲೆಕ್ಕ ನೋಡಿ. ಟಾರ್ಗೆಟ್ ಟ್ರ್ಯಾಪಿಂದ 17 ಡಿಗ್ರಿ ಓರೆಯಾಗಿ ಹೊರಟಿದೆ, ನೀವು 3ನೇ ಪೋಸ್ಟಲ್ಲಿದೀರಿ, ಅದು 18 ಗಜ ಹೋದಾಗ ಒಡೀತೀರಿ ಅಂದ್ಕೊಳ್ಳಿ. 16 ಗಜದಿಂದ ಅದು ನಿಮ್ಮಿಂದ 33–34 ಗಜ ದೂರ, ಗನ್ ನಡುಗೆರೆಯಿಂದ ಸುಮಾರು 9 ಡಿಗ್ರಿ ತಿರುಗಿರತ್ತೆ. 27 ಗಜದಿಂದ ಅದೇ ಟಾರ್ಗೆಟ್ 44–45 ಗಜ ದೂರ, ಆದ್ರೆ ಗನ್ ತಿರುಗೋದು 7 ಡಿಗ್ರಿನೂ ಇಲ್ಲ. ಅಂದ್ರೆ ಹಿಂದೆ ಹೋದಷ್ಟೂ ಗನ್ ಕಡಿಮೆ ಅಲ್ಲಾಡ್ಬೇಕು, ಜಾಸ್ತಿ ಅಲ್ಲ. ಹನ್ನೊಂದು ಗಜ ಜಾಸ್ತಿ ಹೋಗೋಕೆ ಪೆಲೆಟ್‌ಗೆ ಒಂದಿಷ್ಟು ಸಮಯ ಹಿಡಿಯತ್ತೆ, ಅಷ್ಟರಲ್ಲಿ ಟಾರ್ಗೆಟ್ ತನ್ನ ದಾರೀಲಿ ಸುಮಾರು 2 ಅಡಿ ಮುಂದೆ ಹೋಗಿರತ್ತೆ, ಆದ್ರೆ ಅದು ಬಹುಪಾಲು ನಿಮ್ಮಿಂದ ದೂರಕ್ಕೇ ಹೋಗ್ತಿರೋದ್ರಿಂದ ಪಕ್ಕಕ್ಕೆ ಸರಿಯೋದು ಸ್ವಲ್ಪಾನೇ. ಹಾಗಾಗಿ ಲೀಡ್ (ಟಾರ್ಗೆಟ್‌ಗಿಂತ ಎಷ್ಟು ಮುಂದಕ್ಕೆ ಹೊಡೀಬೇಕು ಅನ್ನೋದು) ಇಂಚಿನ ಲೆಕ್ಕದಲ್ಲಿ ಜಾಸ್ತಿ ಬೇಕು, ಬ್ಯಾರೆಲ್ ತುದೀಲಿ ಕಣ್ಣಿಗೆ ಕಾಣೋ ವ್ಯತ್ಯಾಸ ಮಾತ್ರ ಕೂದಲೆಳೆಯಷ್ಟು. ಹಿಂದೆ ಹೋದ ತಕ್ಷಣ ಮಾರುದ್ದ ಲೀಡ್ ಕೊಡೋರು ಟಾರ್ಗೆಟ್ ಮುಂದೆ ಗಾಳಿಗೆ ಹೊಡೀತಿರ್ತಾರೆ.

ಗನ್ ಹಿಡಿಯೋ ಜಾಗಾನೂ ಅದಕ್ಕೆ ತಕ್ಕಂತೆ ಬದಲಾಗ್ಬೇಕು. 16ರಲ್ಲಿ 1ನೇ ಪೋಸ್ಟಿಗೆ ಹೌಸಿನ ಎಡ ಮೂಲೆ, 3ಕ್ಕೆ ನಡು, 5ಕ್ಕೆ ಬಲ ಮೂಲೆ ಅಂತ ಹಿಡಿಯೋರು ಜಾಸ್ತಿ. 24, 25ಕ್ಕೆ ಹೋದಾಗ ಹೌಸೇ ಚಿಕ್ಕದಾಗಿ ಕಾಣತ್ತೆ, ಟಾರ್ಗೆಟ್‌ಗಳ ಹರಡುವಿಕೆನೂ ಕಣ್ಣಿಗೆ ಕಿರಿದಾಗತ್ತೆ. ಒಂದೊಂದು ಪೋಸ್ಟಲ್ಲೂ ಹತ್ತಾರು ಟಾರ್ಗೆಟ್ ಹೊಡೆಯದೆ ಸುಮ್ನೆ ನೋಡಿ, ಎಲ್ಲಿ ಮೊದ್ಲು ಸ್ಪಷ್ಟವಾಗಿ ಕಾಣ್ತು ಅಂತ ಗುರುತು ಮಾಡ್ಕೊಂಡು ಆಮೇಲೆ ಗನ್ ಎತ್ತಿ. ನನಗನ್ಸೋ ಪ್ರಕಾರ ಈ ಅಭ್ಯಾಸಕ್ಕೆ ಒಂದು ಕಾರ್ಟ್ರಿಡ್ಜ್ ಖರ್ಚೂ ಇಲ್ಲ, ಅದಕ್ಕೇ ಯಾರೂ ಮಾಡಲ್ಲ.

ಚೋಕ್ ಮತ್ತೆ ಪ್ಯಾಟರ್ನ್. ಚೋಕ್ ಅಂದ್ರೆ ಬ್ಯಾರೆಲ್ ತುದೀಲಿರೋ ಬಿಗಿತ, ಪ್ಯಾಟರ್ನ್ ಅಂದ್ರೆ ಪೆಲೆಟ್‌ಗಳು ಹರಡೋ ರೀತಿ. 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕ್ ಸುಮಾರು 70 ಪರ್ಸೆಂಟ್, ಮಾಡಿಫೈಡ್ 60 ಪರ್ಸೆಂಟ್ ಪೆಲೆಟ್ ಹಾಕತ್ತೆ. ಎಟಿಎನಲ್ಲಿ ಲೋಡ್ (ಒಂದು ಕಾರ್ಟ್ರಿಡ್ಜ್‌ನಲ್ಲಿರೋ ಪೆಲೆಟ್ ತೂಕ) 1⅛ ಔನ್ಸ್, ಅಂದ್ರೆ ಸುಮಾರು 32 ಗ್ರಾಂ ಮೀರೋ ಹಾಗಿಲ್ಲ, ಪೆಲೆಟ್ ಏಳೂವರೆ ನಂಬರಿಗಿಂತ ದಪ್ಪ ಇರೋ ಹಾಗಿಲ್ಲ (ನಂಬರ್ ಜಾಸ್ತಿ ಆದಷ್ಟೂ ಪೆಲೆಟ್ ಸಣ್ಣ). ಆ ಲೋಡಲ್ಲಿ ಏಳೂವರೆ ನಂಬರ್ ಸುಮಾರು 390 ಪೆಲೆಟ್ ಇರತ್ತೆ. ಫುಲ್ ಅಂದ್ರೆ ವೃತ್ತದೊಳಗೆ 270ರ ಮೇಲೆ, ಮಾಡಿಫೈಡ್ ಅಂದ್ರೆ 235ರ ಹತ್ತಿರ. ಟಾರ್ಗೆಟ್‌ನ ಅಗಲ ಬರೀ 11 ಸೆಂಟಿಮೀಟರ್, ಅದೂ ದೂರ ಹೋಗ್ತಾ ಅಂಚು ತೋರಿಸ್ತಾ ಇರತ್ತೆ. 16 ಗಜದಲ್ಲಿ ಮಾಡಿಫೈಡ್ ಸಾಕು, 20, 21 ದಾಟಿದ ಮೇಲೆ ಇಂಪ್ರೂವ್ಡ್ ಮಾಡಿಫೈಡ್, 24 ದಾಟಿದ ಮೇಲೆ ಫುಲ್, ಇಷ್ಟು ನೆನಪಿಟ್ರೆ ಸಾಕು. 8 ನಂಬರ್ ಹತ್ತಿರದಲ್ಲಿ ಚೆನ್ನಾಗಿ ಕೆಲ್ಸ ಮಾಡತ್ತೆ, ಹಿಂದಿನ ಗೆರೆಯಲ್ಲಿ ಏಳೂವರೆನೇ ಹಾಕಿ, ಸಣ್ಣ ಪೆಲೆಟ್‌ಗೆ ಅಷ್ಟು ದೂರದಲ್ಲಿ ಕಸುವು ಉಳಿಯಲ್ಲ. ಚೋಕ್ ಮೇಲೆ ಬರೆದಿರೋದನ್ನ ನಂಬ್ಬೇಡಿ, ದೊಡ್ಡ ಪೇಪರ್ ಕಟ್ಟಿ 40 ಗಜದಿಂದ ಐದಾರು ಗುಂಡು ಹೊಡೆದು ಎಣಿಸಿ. ಪ್ಯಾಟರ್ನಿನ ನಡು ನೀವು ನೋಡಿದ ಜಾಗದಿಂದ ಎಡಕ್ಕೋ ಬಲಕ್ಕೋ ಹೋಗ್ತಿದ್ರೆ 16ರಲ್ಲಿ ಅದು ಗೊತ್ತಾಗಲ್ಲ, 25ರಲ್ಲಿ ಸ್ಕೋರೇ ಹೇಳತ್ತೆ.

ಒಡೆಯೋ ರೀತಿ ಗಮನಿಸಿ. 16ರಲ್ಲಿ ನಡುವಿಗೆ ಬಿದ್ರೆ ಟಾರ್ಗೆಟ್ ಕಪ್ಪು ಹೊಗೆ ಆಗೋಗತ್ತೆ. ಹಿಂದಿನ ಗೆರೆಯಲ್ಲಿ ಟ್ರಿಗರ್ ಒತ್ತಿದ ಮೇಲೆ ಒಂದು ಕ್ಷಣ ಏನೂ ಆಗಲ್ಲ, ಹೋಯ್ತು ಅನ್ನೋಷ್ಟರಲ್ಲಿ ಎರಡು ಮೂರು ತುಂಡಾಗತ್ತೆ, ಎಷ್ಟೋ ಸಲ ಅಂಚಿಂದ ಒಂದು ಚೂರು ಹಾರತ್ತೆ ಅಷ್ಟೇ. ಆ ಚೂರು ರೆಫ್ರಿ ಕಣ್ಣಿಗೆ ಕಂಡ್ರೆ ಅದೂ ಒಂದು ಪೂರ್ತಿ ಟಾರ್ಗೆಟ್. ಬರೀ ಧೂಳು ಹಾರಿ ತುಂಡು ಕಾಣ್ಲಿಲ್ಲ ಅಂದ್ರೆ ಲಾಸ್ಟ್, ಅಂದ್ರೆ ಒಡೆದಿಲ್ಲ ಅಂತಾನೇ ಲೆಕ್ಕ, ನೀವು ಎಷ್ಟೇ ಕೈ ತೋರಿಸಿದ್ರೂ ಲಾಸ್ಟ್. ಚೂರು ಯಾವ ಕಡೆ ಹಾರ್ತು ಅಂತ ನೋಡಿದ್ರೆ ಗುಂಡು ಎಲ್ಲಿ ಬಿತ್ತು ಗೊತ್ತಾಗತ್ತೆ: ಮುಂದಿನ ಅಂಚು ಹಾರಿದ್ರೆ ಲೀಡ್ ಜಾಸ್ತಿ, ಹಿಂದಿನ ಅಂಚು ಹಾರಿದ್ರೆ ಹಿಂದೆ ಬಿದ್ರಿ, ಮೇಲಿನ ಪದರ ಕೆತ್ತಿ ಹೋದ್ರೆ ಮುಖ ಎತ್ತಿದ್ರಿ.

ಭಾರೀ ಲೋಡ್ ಹಾಕಿ ದೂರ ಗೆಲ್ತೀನಿ ಅನ್ನೋದು ಬಹಳ ಜನರ ಆಸೆ. 100 ಗುಂಡಿನ ಮ್ಯಾಚಲ್ಲಿ ಅದು ಭುಜಕ್ಕೆ ಗುದ್ದಿ ಗುದ್ದಿ ಎಪ್ಪತ್ತನೇದಕ್ಕೆ ಬೆರಳು ತಡವರಿಸೋಕೆ ಶುರು ಆಗತ್ತೆ. ಅಭ್ಯಾಸಕ್ಕೆ ಕಡಿಮೆ ಲೋಡೇ ಇರ್ಲಿ. ಮತ್ತೆ ಅಭ್ಯಾಸ ಪೂರ್ತಿ ನಿಮ್ಮ ಗಜದಲ್ಲೇ ಮಾಡ್ಬೇಡಿ, ಎರಡು ರೌಂಡ್ 16ರಲ್ಲಿ, ಎರಡು ರೌಂಡ್ ನಿಮ್ಮ ಗಜದಲ್ಲಿ. 16ರಲ್ಲೇ 22 ದಾಟ್ತಿಲ್ಲ ಅಂದ್ರೆ ತೊಂದರೆ ದೂರದ್ದಲ್ಲ.

ಹೆಜ್ಜೆ 7: ಮ್ಯಾಚಿನ ದಿನ

ಸ್ಕ್ವಾಡ್ ಮಾಡೋವಾಗ ಹತ್ತಿರ ಹತ್ತಿರ ಗಜದವರನ್ನೇ ಒಟ್ಟಿಗೆ ಹಾಕಿ. ಒಬ್ರು 18ರಲ್ಲಿ, ಪಕ್ಕದವರು 26ರಲ್ಲಿ ನಿಂತ್ರೆ ಹಿಂದಿನವರ ಬ್ಯಾರೆಲ್ ಮುಂದಿನವರ ಕಿವಿ ಪಕ್ಕ ಗುಡುಗತ್ತೆ, ಅದು ಬರೀ ಕಿರಿಕಿರಿ ಅಲ್ಲ, ಅಪಾಯ. ಪಕ್ಕಪಕ್ಕದವರ ನಡುವೆ ಎರಡು ಗಜಕ್ಕಿಂತ ಜಾಸ್ತಿ ಆಗದ ಹಾಗೆ ನೋಡ್ಕೊಳ್ಳಿ. ಕಿವಿಗೆ ಕಣ್ಣಿಗೆ ರಕ್ಷಣೆ ಇಲ್ಲದೆ ಯಾರನ್ನೂ ಗೆರೆಗೆ ಬಿಡ್ಬೇಡಿ, ಗನ್ ಪೋಸ್ಟಲ್ಲಿ ನಿಂತ ಮೇಲೇನೇ ಲೋಡ್ ಆಗ್ಬೇಕು, ಒಂದು ಪೋಸ್ಟಿಂದ ಇನ್ನೊಂದಕ್ಕೆ ಹೋಗೋವಾಗ ತೆರೆದಿರ್ಬೇಕು.

ಬೋರ್ಡಲ್ಲಿ ಮ್ಯಾಚ್ ಶುರು ಆಗೋಕ್ ಮುಂಚೆ ಬರೆದಿರ್ಬೇಕಾದ್ದು: ಎಲ್ರ ಹೆಸರು, ಅವರ ಗಜ ಅಥವಾ ಹ್ಯಾಂಡಿಕ್ಯಾಪ್, ಎಷ್ಟು ಟಾರ್ಗೆಟ್, ಯಾವ ಲೋಡ್, ಗೆದ್ರೆ ಎಷ್ಟು ಹಿಂದೆ, ಲೂಯಿಸ್ ಆದ್ರೆ ಎಷ್ಟು ಕ್ಲಾಸ್ ಮತ್ತೆ ಟೈ ಆದ್ರೆ ಯಾವ ಕಡೆ. ಶೂಟ್ ಆಫ್ ಹೇಗೆ ಅನ್ನೋದನ್ನ ಬಹಳ ಕಡೆ ಬರೆಯೋದೇ ಇಲ್ಲ, ಟೈ ಆದ ಮೇಲೆ ಎಲ್ರನ್ನೂ 16ಕ್ಕೆ ಕರೆದುಬಿಡ್ತಾರೆ. ಹಾಗೆ ಮಾಡ್ಬೇಡಿ. 25 ಗಜದಿಂದ ಬಂದವರು 25ರಿಂದಾನೇ, 18ರವ್ರು 18ರಿಂದಾನೇ ಶೂಟ್ ಆಫ್ ಹೊಡೀಲಿ, ಟಾರ್ಗೆಟ್ ಸೇರಿಸೋ ಪದ್ಧತಿ ಆದ್ರೆ ಹ್ಯಾಂಡಿಕ್ಯಾಪನ್ನ ಶೂಟ್ ಆಫ್‌ನ ಟಾರ್ಗೆಟ್ ಸಂಖ್ಯೆಗೆ ತಕ್ಕಂತೆ ಇಳಿಸಿ ಸೇರಿಸಿ. 25ಕ್ಕೆ 5 ಇದ್ರೆ ಹತ್ತರ ಶೂಟ್ ಆಫ್‌ಗೆ 2.